ಮ್ಯೂಟ್ ಮಾಡಿದ ಹತ್ತು ನಿಮಿಷ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.40

ಐದನೇ ದಿನ. ಹತ್ತು ನಿಮಿಷ ಮುಗಿಸಿದೆ. ಹಾಸಿದ ಬೆಡ್‌ಶೀಟು ಜಾರುತ್ತಲೇ ಇತ್ತು. ನಾಳೆ ಕೆಳಗೆ ಜಮಖಾನ ಹಾಕಬೇಕು. ಇಲ್ಲದಿದ್ದರೆ ಟೀಪಾಯಿಗೆ ತಲೆ ಹೊಡೆದುಕೊಂಡು ಅದೊಂದು ಬೇರೆ ಶುರುವಾಗುತ್ತದೆ.

ಬೆಳಗಿನ ಟ್ರಿಪ್ ಮುಗಿಸಿ ಹತ್ತಕ್ಕೆ ಮನೆ, ಹನ್ನೊಂದೂವರೆಗೆ ಮತ್ತೆ ಡಿಪೊ. ನಡುವೆ ಸ್ನಾನ, ಅಡುಗೆ, ಬಟ್ಟೆ ಒಣಹಾಕುವುದು. ಇದಕ್ಕೆ ಸಿಗುವುದು ಹತ್ತೇ ನಿಮಿಷ. "ನಿನ್ನಂಥ ಬಿಡುವಿಲ್ಲದವರಿಗೇ ಮಾಡಿರೋ ವ್ಯಾಯಾಮ ಅಪ್ಪಾ, ಪಿಲಾಟೀಸ್ ಅಂತ" — ಮಗಳು ವೀಡಿಯೊ ಹುಡುಕಿಕೊಟ್ಟಳು. ಹೆಸರು ಬಾಯಿಗೆ ಬರಲು ಎರಡು ದಿನ ಹಿಡಿಯಿತು.

ಸೌಂಡ್ ಪೂರ್ತಿ ಮ್ಯೂಟ್. ಹೆಂಡತಿ ವಾರ್ಡಿನ ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಎಂಟಕ್ಕೆ ಮಲಗುತ್ತಾಳೆ. ರೂಮಿನ ಬಾಗಿಲು ಉಬ್ಬಿಕೊಂಡಿದೆ, ಪೂರ್ತಿ ಮುಚ್ಚುವುದಿಲ್ಲ. ಹೊರಗೆ ಚಮಚ ಬಿದ್ದರೂ ಎದ್ದು ಕೂರುತ್ತಾಳೆ. ನರ್ಸುಗಳ ನಿದ್ದೆಯೇ ಅಷ್ಟು. ವೀಡಿಯೊದ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತವೆ. ನನ್ನ ಓದು ಎಂಟನೇ ಕ್ಲಾಸಿನ ಅರ್ಧಕ್ಕೆ ನಿಂತದ್ದು. ಒಂದು ಪದ ಕೂಡಿಸುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ. ಬೇಡ. ನೋಡಿ ಮಾಡಿದರಾಯಿತು. ಬಸ್ಸು ಓಡಿಸುವುದನ್ನೂ ನೋಡಿಯೇ ಕಲಿತದ್ದು.

26ಕ್ಕೆ ಮೆಡಿಕಲ್. ಇನ್ನು ಇಪ್ಪತ್ತಮೂರು ದಿನ. ಕಳೆದ ವರ್ಷ ಡಿಪೊ ಡಾಕ್ಟರು ನೇರವಾಗಿ ಹೇಳಿದ್ದರು: "ಹದಿನೆಂಟು ವರ್ಷ ಸೀಟಲ್ಲಿ ಕೂತು ಬೆನ್ನು ಹಲಗೆ ಮಾಡ್ಕೊಂಡಿದ್ದೀರಿ. ಮುಂದಿನ ಸಲ ಬಗ್ಗಿ ಕಾಲ್ಬೆರಳು ಮುಟ್ಟದಿದ್ರೆ ನಾನು ಸಹಿ ಹಾಕಲ್ಲ." ಸಹಿ ಇಲ್ಲವೆಂದರೆ ಸ್ಟೀರಿಂಗ್ ಇಲ್ಲ. ಗೇಟಿನಲ್ಲಿ ಕೂತು ಹೋಗುವ ಬರುವ ಬಸ್ಸುಗಳ ನಂಬರು ಬರೆಯುವುದು. ಹಾಗೆ ಗೇಟಿಗೆ ಹೋದ ಇಬ್ಬರನ್ನು ನೋಡಿದ್ದೇನೆ. ಒಂದೇ ವರ್ಷಕ್ಕೆ ಮುದುಕರಾದರು.

ಇವತ್ತು ಬಗ್ಗಿದಾಗ ಕೈ ಮೊಣಕಾಲಿನ ಕೆಳಗೆ ನಾಲ್ಕು ಬೆರಳು. ಅಲ್ಲಿಗೇ ನಿಂತಿತು.

ಮಾರ್ಚ್ 7, ಶುಕ್ರವಾರ

ಗುಟ್ಟು ಸಿಕ್ಕಿತು. ಟೀಚರಮ್ಮ ಹೊಕ್ಕುಳ ಮೇಲೆ ಕೈಯಿಟ್ಟು ಬೆನ್ನಿನ ಕಡೆಗೆ ಒತ್ತಿ ತೋರಿಸುತ್ತಾರೆ. ಅಂದರೆ ಹೊಟ್ಟೆ ಒಳಗೆಳೆದು ಬಿಗಿಹಿಡಿಯುವುದು. ಅಂಗಾತ ಮಲಗಿ, ಕಾಲು ಎತ್ತಿ, ಎರಡೂ ಕೈ ನೂರು ಸಲ ಮೇಲೆ ಕೆಳಗೆ ಬಡಿಯುವವರೆಗೂ ಬಿಡಬಾರದು. ನನಗೆ ಮೂವತ್ತಕ್ಕೇ ಬಿಟ್ಟುಹೋಗುತ್ತದೆ. ಅವರಾದರೋ ನಗುತ್ತಾ ಮಾತಾಡುತ್ತಲೇ ಮಾಡುತ್ತಾರೆ. ಬಾಯಿ ಗುಂಡಗೆ ಮಾಡಿ ಏನೋ ಹೇಳುತ್ತಲೇ ಇರುತ್ತಾರೆ. ಮಾತಿನ ಮಲ್ಲಿ.

ಮಾರ್ಚ್ 12

ನಿಂತುಕೊಂಡೇ ಶೂ ಲೇಸ್ ಕಟ್ಟಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಕಂಡಕ್ಟರ್ ಸಿಳ್ಳೆ — ಡಿಪೊದಲ್ಲಿ ಎಲ್ಲರೂ ಅವನನ್ನು ಕರೆಯುವುದೇ ಹಾಗೆ — ಮೇಲಿನಿಂದ ಕೆಳಗಿನವರೆಗೆ ನೋಡಿದ. "ಏನಣ್ಣ, ಹೊಟ್ಟೆ ಎಲ್ಲಿ ಬಿಟ್ ಬಂದೆ? ಅತ್ತಿಗೆ ಊಟ ಹಾಕ್ತಿಲ್ವಾ?"

"ಅಡುಗೆ ಮಾಡೋನು ನಾನೇ ಕಣೋ."

"ಹಾಗಾದ್ರೆ ಅದೇ ಕಾರಣ ಬಿಡು."

ಪಿಲಾಟೀಸ್ ಎಂದು ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಡಿಪೊದ ನಾಯಿಗೂ ಗೊತ್ತಾಗಿರುತ್ತದೆ.

ಮಾರ್ಚ್ 15

ಹೊಟ್ಟೆ ಬಿಗಿಹಿಡಿಯುವುದು ಸೀಟಿನಲ್ಲೂ ಅಭ್ಯಾಸವಾಗಿದೆ. ಬ್ರೇಕ್ ಒತ್ತುವಾಗ ಹಿಡಿದರೆ ಸೊಂಟದಲ್ಲಿ ಚಳುಕೇ ಇಲ್ಲ. ನೂರರಲ್ಲಿ ಅರವತ್ತರವರೆಗೆ ಒಂದೇ ಹಿಡಿತದಲ್ಲಿ ಬಂತು.

ಆದರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಹಿಂದಲೆ ಭಾರ. ಮೂರು ದಿನದಿಂದ. ಏನೋ ಒಳಗೆ ಬೆಳೆಯುತ್ತಿದೆಯೋ... ಇವಳಿಗೆ ಹೇಳಿದರೆ ಕೂಡಲೇ ತೋಳಿಗೆ ಬಿ.ಪಿ. ಪಟ್ಟಿ ಕಟ್ಟುತ್ತಾಳೆ. ಮೆಡಿಕಲ್ ಮುಗಿಯಲಿ. ಆಮೇಲೆ ಏನಿದ್ದರೂ ನೋಡಿಕೊಳ್ಳೋಣ.

ಮಾರ್ಚ್ 19, ಬುಧವಾರ. ಮಧ್ಯಾಹ್ನ 3.30, ಡಿಪೊ ಕ್ಯಾಂಟೀನ್

ಅಕ್ಷರ ಸೊಟ್ಟಗೆ ಬರುತ್ತಿವೆ.

ಫ್ಲೈಓವರ್ ಇಳಿದು ಸಿಗ್ನಲ್ ಹತ್ತಿರ ಬರುತ್ತಿದ್ದೆ. ಬ್ರೇಕ್. ಹೊಟ್ಟೆ ಬಿಗಿ. ಇದ್ದಕ್ಕಿದ್ದ ಹಾಗೆ ಎದುರಿನ ಗಾಜು ಕಪ್ಪಾಯಿತು. ಅಂಚಿನಿಂದ ಒಳಗೆ, ಬಟ್ಟೆ ಮುಚ್ಚಿದ ಹಾಗೆ. ಎಷ್ಟು ಹೊತ್ತು — ಒಂದು ಸೆಕೆಂಡೋ ಎರಡೋ. ಕಾಲು ಬ್ರೇಕ್ ಮೇಲೆಯೇ ಇತ್ತು, ಬಸ್ಸು ನಿಂತಿತು. ಕಣ್ಣು ಮತ್ತೆ ಕಾಣಿಸಿದಾಗ ಮುಂದಿನ ಕಾರಿಗೂ ನನಗೂ ನಡುವೆ ಒಂದು ಗೇಣು. ಮುಂಬಾಗಿಲ ಮೆಟ್ಟಿಲ ಮೇಲೆ ಮಗು ಎತ್ತಿಕೊಂಡ ಹೆಂಗಸು, ಇಳಿಯಲು ಕಾಯುತ್ತಾ. ಕಂಬಿ ಹಿಡಿದಿರಲಿಲ್ಲ. ಮಗು ನನ್ನನ್ನೇ ನೋಡುತ್ತಿತ್ತು.

ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಿಲ್ಲ.

ಮಾರ್ಚ್ 20

ಟೀ ಕುಡಿಯುವಾಗ ಸಿಳ್ಳೆ ಪಕ್ಕದಲ್ಲಿ ಬಂದು ಕೂತ. ಬಿಸ್ಕತ್ತು ಮುರಿದ. ತಿನ್ನಲಿಲ್ಲ.

"ಅಣ್ಣ, ನಿನ್ನೆ ನಾನೇನೂ ನೋಡಿಲ್ಲ" ಅಂದ.

ನಾನು ಏನೂ ಕೇಳಿರಲಿಲ್ಲ.

"ಮೆಡಿಕಲ್ ಹತ್ರ ಬಂತಲ್ವಾ. ಯಾರು ಕೇಳಿದ್ರೂ ನಾನು ಹಿಂದ್ಗಡೆ ಟಿಕೆಟ್ ಕೊಡ್ತಿದ್ದೆ. ಆಯ್ತಾ?"

ತಲೆಯಾಡಿಸಿದೆ. ಅವನು ಒಳ್ಳೆಯವನು. ಆ ಒಳ್ಳೆಯತನದಿಂದಲೇ ಗೊತ್ತಾಯಿತು. ಅವನೂ ನೋಡಿದ್ದಾನೆ.

ಮಾರ್ಚ್ 26, ಬುಧವಾರ

ಕಾಲ್ಬೆರಳು ಮುಟ್ಟಿದೆ. ಎರಡು ಸಲ. ಡಾಕ್ಟರು ಕನ್ನಡಕ ಮೇಲೆತ್ತಿ ನೋಡಿದರು. "ಪರವಾಗಿಲ್ವೇ" ಅಂದರು.

ಅದಕ್ಕೂ ಮೊದಲು ಒಂದು ಕಾಗದ ತುಂಬಿಸಿದ್ದರು. ಕಳೆದ ಆರು ತಿಂಗಳಲ್ಲಿ ತಲೆಸುತ್ತು, ಕಣ್ಣು ಕತ್ತಲೆ — ಹೌದು, ಇಲ್ಲ. 'ಇಲ್ಲ'ದ ಮುಂದೆ ಗೀಟು ಹಾಕಿದೆ. ಪೆನ್ನು ಕಾಗದದ ಹಿಂದೆ ಮೂಡುವಷ್ಟು ಒತ್ತಿ.

ಆಮೇಲೆ ಬಿ.ಪಿ. ಪಟ್ಟಿ ಬಿಗಿಯಾಗುತ್ತಿದ್ದ ಹಾಗೆ ನಾನೂ ಹೊಟ್ಟೆ ಬಿಗಿಹಿಡಿದೆ, ಅಭ್ಯಾಸಬಲ. ನೂರಾ ಎಪ್ಪತ್ತು, ನೂರಾ ನಾಲ್ಕು. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು. ಮತ್ತೆ ಅಷ್ಟೇ.

"ಏಪ್ರಿಲ್ ಏಳಕ್ಕೆ ಬನ್ನಿ. ಅಲ್ಲೀವರೆಗೆ ಬಸ್ ಮುಟ್ಟಬೇಡಿ."

ಬೆನ್ನು ಗೆದ್ದೆ ಎಂದುಕೊಂಡೆ. ಬೇರೆ ಎಲ್ಲಿಂದಲೋ ಬಂದು ಹೊಡೆಯಿತು.

ಮಾರ್ಚ್ 27. ಬೆಳಿಗ್ಗೆ 11

ಮನೆಯಲ್ಲಿ ಕೂತು ಏನು ಮಾಡುವುದು ಎಂದು ಬೆಡ್‌ಶೀಟು ಹಾಸಿದೆ. ಕೈ ಬಡಿಯುತ್ತಾ ಎಪ್ಪತ್ತಕ್ಕೆ ಬಂದಿದ್ದೆ. ತಲೆ ಹೊರಳಿಸಿದರೆ ಬಾಗಿಲಲ್ಲಿ ಇವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಉಸಿರೆಲ್ರೀ?"

"ಏನು?"

"ನಾನು ಬಂದಾಗಿಂದ ನೋಡ್ತಿದ್ದೀನಿ, ಒಂದ್ಸಲನೂ ಉಸಿರು ಬಿಟ್ಟಿಲ್ಲ ನೀವು. ಮುಖ ನೋಡ್ಕೊಳ್ಳಿ ಹೋಗಿ, ಕೆಂಪು ಸಿಗ್ನಲ್ ಆಗಿದೆ."

"ಬಿಗಿ ಹಿಡೀಬೇಕಲ್ವಾ. ಅವರೂ ಹಿಡಿದೇ—"

ಮೊಬೈಲ್ ಎತ್ತಿಕೊಂಡು ಸೌಂಡ್ ಕೊಟ್ಟಳು. ಒಂದು ತಿಂಗಳಿಂದ ದಿನಾ ನೋಡಿದ ಹೆಂಗಸಿನ ದನಿ ಇವತ್ತು ಮೊದಲ ಸಲ ಕೇಳಿದೆ. ಬ್ರೀದ್ ಇನ್. ಬ್ರೀದ್ ಔಟ್. ಐದು ಸಲ ಕೈ ಬಡಿಯುವಷ್ಟು ಒಳಗೆ, ಐದು ಸಲಕ್ಕೆ ಹೊರಗೆ. ಬಾಯಿ ಗುಂಡಗೆ ಮಾಡುತ್ತಿದ್ದದ್ದು ಮಾತಲ್ಲ. ಉಸಿರು.

ಇವಳು ನಗುತ್ತಾ ನೆಲದ ಮೇಲೆಯೇ ಕೂತುಬಿಟ್ಟಳು. ಕಣ್ಣಲ್ಲಿ ನೀರು. ಆಮೇಲೆ ನಗು ನಿಂತಿತು.

"ಬಿ.ಪಿ. ಏರದೆ ಇನ್ನೇನಾಗತ್ತೆ ಹೀಗೆ ಮಾಡಿದ್ರೆ? ಮ್ಯೂಟ್ ಯಾಕ್ ಮಾಡಿದ್ರಿ?"

"ನೀನು ಮಲಗಿದ್ದೆ."

ಆಮೇಲೆ ವಾರ್ಡಿನಲ್ಲಿ ಪೇಷೆಂಟನ್ನು ಕೇಳುವ ದನಿಯಲ್ಲಿ ಕೇಳಿದಳು: "ಗಾಡಿ ಓಡಿಸುವಾಗ ತಲೆ ಸುತ್ತಿತ್ತಾ? ಕಣ್ಣು ಕತ್ತಲೆ?"

ಇಲ್ಲ ಅಂದೆ.

ಮಾರ್ಚ್ 31

ಉಸಿರಾಡುತ್ತಾ ಮಾಡುವುದು ಬಿಗಿಹಿಡಿಯುವುದಕ್ಕಿಂತ ಕಷ್ಟ. ಎಲ್ಲ ಮೊದಲಿಂದ ಕಲಿತ ಹಾಗೆ. ಹೊಟ್ಟೆ ಒಳಗಿರಬೇಕು, ಉಸಿರು ಓಡಾಡುತ್ತಿರಬೇಕು. ಇವಳು ಪಕ್ಕದಲ್ಲಿ ಕೂತು ಎಣಿಸುತ್ತಾಳೆ. ಇವತ್ತು ನಲವತ್ತಕ್ಕೆ ಬರುವಷ್ಟರಲ್ಲಿ ಸೋಫಾಕ್ಕೆ ಒರಗಿ ನಿದ್ದೆಹೋಗಿದ್ದಳು. ಉಳಿದದ್ದನ್ನು ನಾನೇ ಮನಸ್ಸಿನಲ್ಲಿ ಎಣಿಸಿಕೊಂಡೆ. ಹೊದಿಸಿದೆ.

ಬಿ.ಪಿ. ನೂರಾ ಮೂವತ್ತಾರು, ಎಂಬತ್ತೆಂಟು.

ಏಪ್ರಿಲ್ 4

ನೂರಾ ಮೂವತ್ತು, ಎಂಬತ್ತನಾಲ್ಕು. ಕಿವಿಯ ಗುಂಯ್ ನಿಂತಿದೆ. ಸಂತೋಷಪಡಬೇಕು.

ಮಗಳನ್ನು ಕೂರಿಸಿ ವೀಡಿಯೊದ ಇಂಗ್ಲಿಷನ್ನೆಲ್ಲ ಓದಿಸಿದೆ. ಮೊದಲ ಸ್ಕ್ರೀನಲ್ಲೇ ಇದೆ — ತಲೆ ಸುತ್ತಿದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. "ಇದನ್ನ ನಾನೇ ಮೊದಲೇ ಓದಿ ಹೇಳ್ಬೇಕಿತ್ತು ಅಪ್ಪಾ. ನಿನಗೇನೂ ಆಗಿಲ್ಲ ತಾನೇ?" ಅಂದಳು.

ಅವಳಿಗೂ ಇಲ್ಲ ಅಂದೆ. ಮೂರನೇ ಸಲ. ಕಾಗದಕ್ಕೆ ಒಂದು, ಇವಳಿಗೊಂದು, ಮಗಳಿಗೊಂದು.

ಉಸಿರಿನಿಂದಲೇ ಆದದ್ದು, ಈಗ ಸರಿಹೋಯಿತು. ಹೌದು. ಆದರೆ ಉಸಿರಿನಿಂದಲೇ ಎಂದು ಹೇಳಲು ನಾನು ಯಾರು? ಎಂಟನೇ ಕ್ಲಾಸಿನ ಡಾಕ್ಟರು.

ಏಪ್ರಿಲ್ 7, ಸೋಮವಾರ. 11.15, ಡಾಕ್ಟರ ರೂಮಿನ ಹೊರಗೆ

ನೂರಾ ಇಪ್ಪತ್ತೆಂಟು, ಎಂಬತ್ತೆರಡು. "ಬೆನ್ನು ಬಗ್ಗಿತು, ಬಿ.ಪಿ. ಇಳೀತು. ಏನ್ ಮಾಡಿದ್ರಿ?" ಅಂದರು. ಪಿಲಾಟೀಸ್ ಅಂದೆ. ಜೋರಾಗಿ ನಕ್ಕು, "ನನಗೂ ಕಳಿಸಿ ಆ ವೀಡಿಯೊ" ಅಂತ ಪೆನ್ನಿನ ಮುಚ್ಚಳ ತೆಗೆದರು. ಸಹಿಯ ಮೊದಲ ಅಕ್ಷರ ಬಿತ್ತು. ನೋಡುತ್ತಾ ಕೂತಿದ್ದೆ.

"ಡಾಕ್ಟ್ರೇ, ಆ ಕಾಗದದಲ್ಲಿ ಒಂದು ಕಡೆ ಇಲ್ಲ ಅಂತ ಗೀಟು ಹಾಕಿದ್ದೆ. ಅದು ಹೌದು."

ನನ್ನ ಬಾಯಿಂದಲೇ ಬಂತು. ಪೆನ್ನು ನಿಂತಿತು.

"ಯಾವಾಗ?"

"ಹತ್ತೊಂಬತ್ತಕ್ಕೆ. ಸಿಗ್ನಲ್ ಹತ್ರ."

"ಬಸ್ ಓಡ್ತಿತ್ತಾ?"

"ಓಡ್ತಿತ್ತು."

"ಜನ ಎಷ್ಟಿದ್ರು?"

"ನಿಂತವರೂ ಸೇರಿ ಅರವತ್ತು. ಮೆಟ್ಟಿಲ ಮೇಲೆ ಒಂದು ಮಗು."

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪೆನ್ನಿಗೆ ಮುಚ್ಚಳ ಹಾಕಿ, "ಸ್ವಲ್ಪ ಹೊರಗಡೆ ಕೂತಿರಿ" ಅಂದರು.

ಫೋನಿನಲ್ಲಿ ಮಾತಾಡುತ್ತಿದ್ದಾರೆ, ಡಿಪೊ ಮ್ಯಾನೇಜರ ಹತ್ತಿರ ಇರಬೇಕು. ಬಾಗಿಲ ಸಂದಿಯಿಂದ ತುಂಡು ತುಂಡು ಕೇಳುತ್ತದೆ. ಸ್ಕ್ಯಾನ್... ತಲೆಯದು, ಹೃದಯದ್ದು... ಮೂರು ತಿಂಗಳಾದರೂ... "ಇಲ್ಲ ಇಲ್ಲ, ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಅವರೇ ಹೇಳಿದ್ದು." ಅದನ್ನೇ ಎರಡು ಸಲ ಹೇಳಿದರು.

ಸಿಳ್ಳೆಯ ಮೆಸೇಜು. ಸಹಿ ಆಯ್ತಾ ಅಣ್ಣ, ಒಂದೂಕಾಲರ ಟ್ರಿಪ್ಪಿಗೆ ಬಸ್ ತೊಳೆಸಿ ನಿಲ್ಸಿದ್ದೀನಿ, ಸೀಟೂ ನಿನ್ನ ಅಳತೆಗೆ ಸರಿಸಿದ್ದೀನಿ ಅಂತ.

ಏನು ಬರೆಯಲಿ. ಬೇರೆ ಡ್ರೈವರ್ ಕೇಳು ಎಂದು ಬರೆದು ಅಳಿಸಿದೆ. ಇವತ್ತಿಗೆ ಎನ್ನಬೇಕೋ, ಮೂರು ತಿಂಗಳಿಗೆ ಎನ್ನಬೇಕೋ, ಇನ್ನು ಮುಂದೆ ಎನ್ನಬೇಕೋ...

ಫೋನ್ ಇಟ್ಟರು. ಕುರ್ಚಿ ಸರಿದ ಸದ್ದು. ಬಾಗಿಲ ಹತ್ತಿರ ಬರುತ್ತಿದ್ದಾರೆ.