ಋಣಾನುಬಂಧವಿಲ್ಲವೆಂದ ಮೇಲ್ ಸರ್ವರ್

ತೇಲೂರು, ಫೆಬ್ರವರಿ ೩೧, ಕ್ರಿ.ಶ. ೨೪೧೯

ನಾನೂರು ವರ್ಷ ಹಿಂದಿನ ಮೇಲ್ ಸರ್ವರ್ ಒಡೆಯರಿಗೆ, ಗುಲಾಬಿ ಹರಿಕಂತ್ರಳ ನಮಸ್ಕಾರ. ನಮ್ಮ ಫೆಬ್ರವರಿ ಉದ್ದ, ನಮ್ಮ ಕನ್ನಡ ನಿಮಗೆ ಕೊಂಚ ಉಪ್ಪುಪ್ಪು, ಎರಡನ್ನೂ ಕ್ಷಮಿಸಿ. ಇದು ಹಿಮ್ಮುಖ ಓಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಆಯುಷ್ಯಕ್ಕೊಂದೇ ಸಿಗುತ್ತದೆ. ಉಳಿದವರು ಅದರಲ್ಲಿ ಮುತ್ತಜ್ಜಿಯ ಆಶೀರ್ವಾದ ಬೇಡುತ್ತಾರೆ. ನಾನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆ.

ನಮ್ಮದು ಸಮುದ್ರದ ಮೇಲೆ ತೇಲುವ ಊರು. ಬೆಳಿಗ್ಗೆ ಪಕ್ಕದಲ್ಲಿದ್ದ ಮನೆ ಸಂಜೆಗೆ ಎಲ್ಲಿರುತ್ತದೋ ಹೇಳಲಾಗದು, ಹಾಗಾಗಿ ಒಗ್ಗರಣೆಗೆ ಕರಿಬೇವು ಬೇಕಾದರೂ ಮೇಲ್‌ನಲ್ಲೇ ಕೇಳುತ್ತೇವೆ. ಅದನ್ನೆಲ್ಲ ಹೊರುವುದು ಇಂದಿಗೂ ನಿಮ್ಮ ಸರ್ವರ್. ಗಟ್ಟಿಯಾಗಿ ಮಾಡಿದ್ದೀರಿ, ಶಭಾಸ್. ಆದರೆ ತಲುಪದ ಮೇಲ್ ಹಿಂದಿರುಗುವಾಗ ಬರುವ ಆ ಒಕ್ಕಣೆ! "ಪೆಟ್ಟಿಗೆ ತುಂಬಿದೆ" ಎಂದರೆ ಒರಟಾಯಿತೆಂದು ಅಳಿಸಿ ನೀವು ಬರೆದದ್ದು ಇದು: "ತಾವು ನಮ್ಮನ್ನು ನೆನೆದದ್ದೇ ದೊಡ್ಡದು. ಯಾಕೋ ಕೂಡಿಬರಲಿಲ್ಲ. ಋಣಾನುಬಂಧ ಇಲ್ಲವೆಂದು ತಿಳಿದು ಬೇಸರಿಸಬೇಡಿ." ಸಾಲದ್ದಕ್ಕೆ, ಆತ್ಮೀಯವಾಗಿರಲೆಂದು ಕೆಳಗೆ ಮೇಲ್ ಪಡೆಯಬೇಕಿದ್ದವರ ಹೆಸರನ್ನೇ ಸಹಿಯಾಗಿ ಹಾಕಿಸಿದ್ದೀರಿ. ಕರಿಬೇವು ಕೇಳಿದವರಿಗೂ ಇದೇ ಉತ್ತರ. ಅರ್ಧ ಊರಿಗೆ ಇನ್ನರ್ಧ ಊರಿನ ಮೇಲೆ ಮುನಿಸು.

ಕಳೆದ ಮಳೆಗಾಲದಲ್ಲಿ ನಾನು ಸುಬ್ರಾಯ ಅಂಬಿಗನಿಗೆ, ನನ್ನನ್ನು ಮದುವೆಯಾಗುತ್ತೀಯಾ ಎಂದು ಬರೆದೆ. ಅವನ ಪೆಟ್ಟಿಗೆ ಅವನಮ್ಮ ಕಳಿಸಿದ ಮೀನುಸಾರಿನ ವಿಡಿಯೋಗಳಿಂದ ತುಂಬಿದೆಯೆಂದು ನನಗೇನು ಗೊತ್ತು? ಋಣಾನುಬಂಧವಿಲ್ಲ, ಇಂತಿ ಸುಬ್ರಾಯ ಎಂದು ಬಂತು. ಅತ್ತುಬಿಟ್ಟೆ. ಅವನ ಮನೆ ನಮ್ಮ ಕಿಟಕಿಯ ಪಕ್ಕಕ್ಕೇ ತೇಲಿಬಂದಾಗ ಪರದೆ ಎಳೆದೆ. ಮೊನ್ನೆ ಅವನಮ್ಮ ದೋಣಿಯಲ್ಲಿ ಬಂದು, "ನನ್ನ ಮಗಂಗೆ ಒಂದು ಅಕ್ಷರ ಬರೀಲಿಕ್ಕೆ ನಿಂಗೆ ಎಂತ ಆಗಿತ್ತೇ? ಕಾದು ಕಾದು ಬೇರೆ ಹುಡುಗಿಗೆ ಹೂಂ ಅಂದ. ಶುಕ್ರವಾರ ಮದುವೆ, ಊಟಕ್ಕಾದ್ರೂ ಬಾ," ಎಂದರು. ಆಮೇಲೆ ಸರ್ವರ್ ತಡಕಾಡಿದಾಗ, ಆ ಉತ್ತರ ಸುಬ್ರಾಯನದ್ದಲ್ಲ, ನೀವು ಬರೆದಿಟ್ಟ ಒಕ್ಕಣೆ ಎಂದು ಗೊತ್ತಾಯಿತು. ತಿದ್ದೋಣವೆಂದರೆ ಪಾಸ್‌ವರ್ಡ್ ನಿಮ್ಮ ಜೊತೆಗೇ ಹೋಗಿದೆ. ಈಗ ಹೋಗಿ ಸುಬ್ರಾಯನಿಗೆ ನಿಜ ಹೇಳಿದರೆ ಆ ಬಡಪಾಯಿ ಹುಡುಗಿಯ ಗತಿಯೇನು?

ನನಗೆ ಅವನು ಬೇಕು. ಸುತ್ತಿಬಳಸದೆ ಹೇಳುತ್ತಿದ್ದೇನೆ, ನೀವೂ ಹಾಗೇ ಹೇಳಿ. ಮೊದಲ ಸಾಲಿನಲ್ಲಿ ಪೆಟ್ಟಿಗೆ ತುಂಬಿದೆ ಎನ್ನಿ, ಆಮೇಲೆ ಬೇಕಾದರೆ ಮಹಾಕಾವ್ಯವನ್ನೇ ಬರೆಯಿರಿ. ಇವತ್ತೇ ಬದಲಿಸಿದರೆ ಶುಕ್ರವಾರದ ಮದುಮಗಳು ನಾನು.

ನನಗಿರುವುದು ಇದೊಂದೇ ಓಲೆ. ನಿಮ್ಮ ಪೆಟ್ಟಿಗೆಯಲ್ಲಾದರೂ ಜಾಗವಿರಲಿ. ಇಲ್ಲದಿದ್ದರೆ ಬರುವ ಉತ್ತರ ನನಗೆ ಬಾಯಿಪಾಠ.

ಗುಲಾಬಿ