ಅಪ್ಪನ ಮೊಳ

ಕೊಡ್ಲಿಪೇಟೆ
೯ ಫೆಬ್ರವರಿ ೧೯೩೪

ತೀರ್ಥರೂಪರಾದ ಅಪ್ಪನವರಿಗೆ, ಒಡೆದ ಗೋಡೆಯ ಧೂಳಿನಲ್ಲೇ ಕುಳಿತು ಬರೆಯುತ್ತಿರುವ ಮಗಳ ಶರಣು.

ಮನೆ ರಿಪೇರಿಗೆಂದು ನೀವು ಮಾಡಿಸಿಕೊಟ್ಟ ಹಲಸಿನ ಬಾಗಿಲುವಾಡವನ್ನು ಅಣ್ಣ ಗಾಡಿಯಲ್ಲಿ ತಂದಿಳಿಸಿದ. ನಾವು ಬರೆದಿದ್ದು ನಾಲ್ಕು ಮೊಳ ಎತ್ತರ. ನಿಲ್ಲಿಸಿ ನೋಡಿದರೆ ಒಂದು ಗೇಣು ಹೆಚ್ಚು. ಇವರು ಅಳೆದದ್ದು ತಮ್ಮ ಮೊಳದಲ್ಲಿ, ನೀವು ಮಾಡಿಸಿದ್ದು ನಿಮ್ಮ ಮೊಳದಲ್ಲಿ.

“ಒಂದ್ ಗೇಣು ಕುಯ್ದ್ರಾಯ್ತು” ಎಂದು ಅಣ್ಣ ಗರಗಸ ಹಿಡಿದ. ಇವರು “ತಡೀರಿ ಭಾವ” ಅಂದು ಗರಗಸ ತೆಗೆದಿಟ್ಟರು. ಎರಡು ದಿನ ಊಟದ ನಡುವೆ ಎದ್ದು ಹೋಗಿ ಮತ್ತೆ ಅಳೆಯುತ್ತಿದ್ದರು. ನನಗೂ ಕೂತಲ್ಲಿ ಕೂರಲಾಗಲಿಲ್ಲ. ಹಳೆ ಬಾಗಿಲು ಕಿತ್ತಿದ್ದರಿಂದ ಬೀದಿನಾಯಿ ನಡುಮನೆಗೆ ಬಂದು ಹೋಗುತ್ತಿತ್ತು.

ನನ್ನ ಮದುವೆಯ ಮಾರನೆಯ ದಿನ ಆ ಹಳೆ ಬಾಗಿಲು ತಾಗಿ ನಿಮ್ಮ ರುಮಾಲು ಬಿದ್ದಾಗ ಇವರು ನಕ್ಕಿದ್ದರು. “ತಲೆ ಬಗ್ಸ್ಕಂಡು ಹೋಗೋ ಮನೆಗೆ ನಾನಿನ್ ಬರಲ್ಲ” ಎಂದು ನೀವು ಹೊರಟಿರಿ. ಐದು ವರ್ಷವಾಯಿತು. ಆ ಮಾತನ್ನು ನಾನು ಈ ಮನೆಯಲ್ಲಿ ಒಮ್ಮೆಯೂ ಎತ್ತಿಲ್ಲ.

ಇವತ್ತು ಬೆಳಿಗ್ಗೆ ಇವರು ಹಾರೆ ತಂದು ಬಾಗಿಲ ಮೇಲಿನ ಗೋಡೆಯನ್ನೇ ಒಡೆದರು. “ಮಾವನೋರ ಮೊಳವೇ ಇರ್ಲಿ” ಅಂದರು, ಅಷ್ಟೇ.

ಬಾಗಿಲುವಾಡ ನಿಂತಿದೆ, ಕದ ಇನ್ನೂ ಆಗಬೇಕು. ಅದಕ್ಕೂ ಅದೇ ಮೊಳ ಬೇಕು, ಅದು ನಿಮ್ಮ ಕೈಯಲ್ಲೇ ಇದೆ. ಬಂದು ಅಳತೆ ಹಾಕಿಕೊಡಿ.

ರುಮಾಲು ಸುತ್ತಿಕೊಂಡೇ ಒಳಗೆ ಬನ್ನಿ. ಅಣ್ಣನಿಗೆ ಸುತ್ತಿಸಿ ನೋಡಿದ್ದೇನೆ, ತಾಗುವುದಿಲ್ಲ.

ನಿಮ್ಮ ಮಗಳು
ಸರ್ವಮಂಗಳ