ದೀಪ ಹಚ್ಚಿದ ಮೇಲಿನ ಎಣ್ಣೆ

ಪೋರೂರು, ಚೆನ್ನೈ
17 ನವೆಂಬರ್ 2024, ಭಾನುವಾರ

ಪ್ರೀತಿಯ ಅಣ್ಣಾ,

ಶಾಲಿನಿಯ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಡೊಂಬಿವಿಲಿಯ ಲೋಕಲ್ ರೈಲಿನಲ್ಲಿ ಈಗಲೂ ನಿಂತೇ ಹೋಗುತ್ತೀಯಾ? ಅಮ್ಮನ ಸೊಂಟದ ಹೊಲಿಗೆ ಬಿಚ್ಚಿದರಂತೆ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದಳಂತೆ. ನನ್ನ ಮಗಳು ಪ್ರಣಮ್ಯಾ ವಿಡಿಯೋ ತೋರಿಸಿದಳು. ಬಿದ್ದ ದಿನದಿಂದ ಅಮ್ಮನ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ವಾಟ್ಸಾಪಿನ ಕಾಲದಲ್ಲಿ ಇವಳಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ನೀನು "ನೀನಾದ್ರೆ ಸುಧಾರಿಸ್ತಿ ಮಾರಾಯ್ತಿ" ಅಂದ ಕೂಡಲೇ ನನ್ನ ಬಾಯಿಂದ "ಆಯ್ತಣ್ಣ" ಬಂದುಬಿಡುತ್ತದೆ. ಹೋದ ಭಾನುವಾರವೂ ಹಾಗೇ ಆಯಿತು. ಡಿಸೆಂಬರ್ ಮೊದಲ ವಾರ ಅಮ್ಮನನ್ನು ಕರೆತಂದು ಆರು ತಿಂಗಳು ನಮ್ಮಲ್ಲಿ ಬಿಡುವುದಾಗಿ ನೀನು ಹೇಳಿದೆ, ನಾನು ಹೂಂಗುಟ್ಟಿದೆ. ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಮಾಧವಿ ಅತ್ತಿಗೆ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿಗೆ, ನಿಮ್ಮ ಕಟ್ಟಡದಲ್ಲಿ ಲಿಫ್ಟೂ ಇಲ್ಲ. ಆದರೂ ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ನಮ್ಮ ಮನೆಯ ಸುದ್ದಿ ಎಂದರೆ ಅತ್ತೆಯ ಸುದ್ದಿಯೇ. ಚಂದ್ರಮತಿ ಅತ್ತೆ ಹಾಸಿಗೆ ಹಿಡಿದು ಈ ದೀಪಾವಳಿಗೆ ಮೂರು ವರ್ಷ ತುಂಬಿತು. ಬಲಗಡೆ ಸ್ವಾಧೀನ ಇಲ್ಲ, ಮಾತೂ ಇಲ್ಲ. ಇವರು ಗಿಂಡಿಯ ಹೋಟೆಲಿನಲ್ಲಿ ಮೊದಲ ಇಡ್ಲಿ ಇಳಿಸುವ ಹೊತ್ತಿಗೆ ನಾನಿಲ್ಲಿ ಅತ್ತೆಯನ್ನು ಮಗ್ಗುಲು ತಿರುಗಿಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಆಯಾ ಬಂದ ಮೇಲೆ ಪಲ್ಲಾವರಂ ಬಸ್ಸಿಗೆ ಓಡಬೇಕು. ಸೀಟು ಸಿಕ್ಕರೆ ಅದೇ ನನ್ನ ನಿದ್ದೆ. ಕಂಡಕ್ಟರಿಗೂ ಗೊತ್ತು, ನನ್ನ ಸ್ಟಾಪು ಬಂದಾಗ ಕಂಬಿ ಬಡಿದು ಎಬ್ಬಿಸುತ್ತಾನೆ. ಪ್ರಣಮ್ಯಾ ಹನ್ನೆರಡನೇ ತರಗತಿ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಜಗಳಕ್ಕೆ ಮಾತ್ರ ಕನ್ನಡ.

ಶಾಲೆಯಲ್ಲಿ ಒಂದು ತಮಾಷೆ ಆಯಿತು. ನಮ್ಮದು ಮಿಷನ್ ಶಾಲೆಯಲ್ಲವೇ, ಗಣಿತದ ಜೊತೆಗೆ ಏಳನೇ ತರಗತಿಯ ನೀತಿಪಾಠವೂ ನನ್ನ ತಲೆಗೇ. ಹತ್ತೊಂಬತ್ತು ವರ್ಷದಿಂದ ಯೇಸು ಹೇಳಿದ ಸಾಮತಿಗಳನ್ನು, ಅಂದರೆ ದೃಷ್ಟಾಂತದ ಕಥೆಗಳನ್ನು, ಹೇಳುತ್ತಿದ್ದೇನೆ. ಅದರಲ್ಲಿ ಹತ್ತು ಕನ್ಯೆಯರ ಕಥೆ ಒಂದು. ಮದುವಣಿಗನನ್ನು ಎದುರುಗೊಳ್ಳಲು ಹತ್ತು ಹುಡುಗಿಯರು ದೀಪ ಹಿಡಿದು ಕಾದಿರುತ್ತಾರೆ. ಐವರು ಬುದ್ಧಿವಂತೆಯರು, ಕುಪ್ಪಿಯಲ್ಲಿ ಬೇರೆ ಎಣ್ಣೆ ತಂದಿರುತ್ತಾರೆ. ಉಳಿದವರು ತಂದಿಲ್ಲ. ಮದುವಣಿಗ ತಡಮಾಡಿ ಬರುವಾಗ ಅವರ ದೀಪ ಆರುತ್ತಾ ಬಂದಿರುತ್ತದೆ. ಸ್ವಲ್ಪ ಎಣ್ಣೆ ಕೊಡಿ ಎಂದರೆ ಬುದ್ಧಿವಂತೆಯರು ಇಲ್ಲ, ಹೋಗಿ ಕೊಂಡುಕೊಳ್ಳಿ ಅನ್ನುತ್ತಾರೆ. ಕೊಂಡು ಬರುವಷ್ಟರಲ್ಲಿ ಮದುವೆಮನೆಯ ಬಾಗಿಲು ಮುಚ್ಚಿರುತ್ತದೆ. ನನಗೆ ಆ ಬುದ್ಧಿವಂತೆಯರ ಮೇಲೆ ಮೊದಲಿನಿಂದಲೂ ಸಿಟ್ಟು. ಒಂದು ತೊಟ್ಟು ಎಣ್ಣೆ ಕೊಡದ ಬುದ್ಧಿ ಎಂಥಾ ಬುದ್ಧಿ! ಮಕ್ಕಳೂ ಅದನ್ನೇ ಕೇಳುತ್ತಿದ್ದರು. ಆಗ ನಾನೇ ಒಂದು ಕಾರಣ ಹುಡುಕಿಕೊಟ್ಟೆ. ಅಮ್ಮ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಎಣ್ಣೆ, ಮೊಸರು ಹೊರಗೆ ಕೊಡುತ್ತಿರಲಿಲ್ಲವಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆ ಅಂತ. "ದೀಪ ಹಚ್ಚಿ ಆಯ್ತಲ್ಲ, ನಾಳೆ ಬೆಳಿಗ್ಗೆ ಬಾ" ಅಂದುಬಿಡುತ್ತಿದ್ದಳು. ಆ ಹುಡುಗಿಯರ ಊರಲ್ಲೂ ಅದೇ ಪದ್ಧತಿ, ಪಾಪ ಅವರದೇನೂ ತಪ್ಪಿಲ್ಲ ಎಂದು ಹೇಳಿಕೊಟ್ಟೆ. ಮಕ್ಕಳು ಪರೀಕ್ಷೆಯಲ್ಲೂ ಹಾಗೇ ಬರೆದರು, ನಾನು ಪೂರ್ತಿ ಅಂಕ ಕೊಟ್ಟೆ.

ಈ ಸಲ ಅತ್ತೆಗೆ ಜ್ವರ ಬಂದು ನಾನು ರಜೆ ಹಾಕಿದ್ದರಿಂದ ಉತ್ತರಪತ್ರಿಕೆಗಳನ್ನು ಬೇಬಿ ಟೀಚರ್ ತಿದ್ದಿದರು. ನನಗಿಂತ ಹಿರಿಯರು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಮೂವತ್ತೆಂಟು ಮಕ್ಕಳು ಒಟ್ಟಾಗಿ ಲಕ್ಷ್ಮಿಯನ್ನು ಬೈಬಲಿಗೆ ಸೇರಿಸಿದ್ದರು! ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು "ಎಂಗಳುಕ್ಕುಂ ಉಂಗಳುಕ್ಕುಂ ಪೋದಾದು" ಅಂದರು. ನಮಗೂ ನಿಮಗೂ ಸಾಲದು. ಅಷ್ಟೇ ಕಾರಣ. ಕೊಟ್ಟಿದ್ದರೆ ಹತ್ತೂ ದೀಪ ಆರಿ ಮದುವಣಿಗ ಕತ್ತಲಲ್ಲಿ ಬರಬೇಕಿತ್ತು ಎಂದರು. ಇದು ದೇವರ ರಾಜ್ಯಕ್ಕೆ ಸಿದ್ಧವಾಗಿರಬೇಕೆಂಬ ಮಾತು, ಮನೆವಾರ್ತೆಯ ಮಾತಲ್ಲ ಅಂತಲೂ ಸೇರಿಸಿದರು. ಇರಬಹುದು. ನನಗಂತೂ ಸ್ಟಾಫ್ ರೂಮಿನಲ್ಲೇ ಅಳು ಬಂತು. ನಮ್ಮ ಕಡೆ ಇಲ್ಲ ಅನ್ನುವುದಕ್ಕೂ ಒಂದು ಶಾಸ್ತ್ರದ ನೆಪ ಬೇಕು. ನನ್ನಲ್ಲಿ ಸಾಲದು ಅಂತ ನೇರವಾಗಿ ಹೇಳಿದವರನ್ನು ಬುದ್ಧಿವಂತರು ಅಂತ ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇನ್ನೊಂದು ಮಾತು, ಇವರಿಗೂ ಹೇಳಿಲ್ಲ. ಮಂಗಳವಾರ ಅತ್ತೆ ಎರಡನೇ ಸಲ ಗಂಜಿ ಉಗುಳಿದರು. ಹಾಸಿಗೆ ಆಗಷ್ಟೇ ಬದಲಿಸಿದ್ದೆ. ಅವರ ತೋಳು ಹಿಡಿದು ಎಳೆದೆ ಅಣ್ಣಾ, ಬೇಕೆಂದೇ ಎಳೆದೆ. ಸಂಜೆ ಬಂದು ನೋಡಿದರೆ ನನ್ನ ನಾಲ್ಕು ಬೆರಳಿನ ಗುರುತೂ ಅಲ್ಲಿ ಮೂಡಿತ್ತು. ಅರಿಸಿನ ಹಚ್ಚಿದೆ, ಕ್ಷಮಿಸಿ ಅಂದೆ. ಮಾತು ಬಾರದ ಆ ಜೀವ ಸರಿಯಿದ್ದ ಕೈಯಿಂದ ನನ್ನ ತಲೆ ಸವರಿತು. ನನಗೆ ನನ್ನ ಮೇಲೇ ಹೆದರಿಕೆಯಾಗಿದೆ.

ಅತ್ತಿಗೆಗೆ ನನ್ನ ನಮಸ್ಕಾರ, ಅಮಿತನಿಗೆ ಆಶೀರ್ವಾದ. ಅವನು ಅಜ್ಜಿಯ ಹತ್ತಿರ ದಿನಕ್ಕೆ ಹತ್ತು ನಿಮಿಷ ಕುಳಿತರೂ ಸಾಕು ಅಂತ ಹೇಳು. ಮಂಡಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಂಗಿ,
ಶಾಲಿನಿ

ಲಕೋಟೆ ಅಂಟಿಸುವ ಮೊದಲು: ಓದಿ ನೋಡಿದರೆ ಹೇಳಬೇಕಾದದ್ದನ್ನೇ ಬರೆದಿಲ್ಲ. ಟಿಕೆಟ್ ಮಾಡಿಸಿದ್ದರೆ ರದ್ದು ಮಾಡು. ಅಮ್ಮನನ್ನು ಕರೆತರಬೇಡ, ನನ್ನ ಕೈಲಿ ಆಗುವುದಿಲ್ಲ. ಮೇ ತಿಂಗಳ ರಜೆಯಲ್ಲಿ ನಾನೇ ಬಂದು ಹತ್ತು ದಿನ ನೋಡಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚು ಕೇಳಬೇಡ. ಅಮ್ಮ ಯಾಕೆ ಅಂತ ಕೇಳಿದರೆ ಭಾವ ಒಪ್ಪಲಿಲ್ಲ ಅಂತ ಸುಳ್ಳು ಹೇಳಬೇಡ. ಇವರು ಬರಲಿ ಅಂತಲೇ ಅಂದರು. ಬೇಡ ಅಂದವಳು ಮಗಳು ಅಂತಲೇ ಹೇಳು.